ಬ್ರಿಟನ್ ಚುನಾವಣೆ: ನಾಯಕರು ಹೇಳಿದ ಲೆಕ್ಕಗಳನ್ನು ಬೆನ್ನು ಹತ್ತಿದ ನಮ್ಮ ಅನುಭವ

2024ರ ಜುಲೈ 4ರ ಚುನಾವಣೆ ಮುಗಿಯಿತು. ಲೇಬರ್ ಪಕ್ಷಕ್ಕೆ 400ಕ್ಕೂ ಜಾಸ್ತಿ ಸೀಟು ಬಂದವು. ಕನ್ಸರ್ವೇಟಿವ್ ಪಕ್ಷ 121ಕ್ಕೆ ಇಳಿಯಿತು. ಲೇಬರ್ ನಾಯಕ ಕೀರ್ ಸ್ಟಾರ್ಮರ್ ಪ್ರಧಾನಿಯಾದರು. ಮೇ ಕೊನೆಯಿಂದ ಮತದಾನದ ದಿನದವರೆಗೆ ಇಂಗ್ಲೆಂಡಿನ ರೆಡಿಂಗ್ ಊರಿನ ಸುತ್ತಮುತ್ತಲಿನ ನಾವು ಕೆಲವು ಕನ್ನಡಿಗರು ಒಂದು ಕೆಲಸ ಹಚ್ಚಿಕೊಂಡಿದ್ದೆವು. ನಮ್ಮ ವಾಟ್ಸಾಪ್ ಗುಂಪಿಗೆ ಬರುವ ಚುನಾವಣೆಯ ಮಾತುಗಳನ್ನು ಆರಿಸಿ, ಅದರ ಮೂಲ ಹುಡುಕಿ, ಎಷ್ಟು ನಿಜ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕುವುದು. ನಾನು ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವವಳು. ಜೊತೆಗೆ ಧಾರವಾಡದ ಕಡೆಯ ಒಬ್ಬ ಡಾಕ್ಟರ್ ಇದ್ದರು. ಹಾಸನದಿಂದ ಮಾಸ್ಟರ್ಸ್ ಓದಲು ಬಂದ ಒಬ್ಬ ಹುಡುಗನಿದ್ದ. ನಮ್ಮಲ್ಲಿ ಯಾರೂ ಪತ್ರಕರ್ತರಲ್ಲ.

ಮುಂದಿನ ಚುನಾವಣೆಯಲ್ಲಿ ಇನ್ಯಾರಾದರೂ ಈ ಕೆಲಸಕ್ಕೆ ಕೈ ಹಾಕುತ್ತಾರೆ ಅನ್ನುವ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲಿ ನಮಗೆ ದಾರಿ ಹೇಳುವವರು ಯಾರೂ ಇರಲಿಲ್ಲ.

ಮೇ 22ರಂದು ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್, ಪ್ರಧಾನಿ ನಿವಾಸವಿರುವ ಡೌನಿಂಗ್ ಸ್ಟ್ರೀಟ್‌ನಲ್ಲಿ ಮಳೆಯಲ್ಲಿ ನೆನೆಯುತ್ತಾ ಚುನಾವಣೆ ಘೋಷಿಸಿದರು. ಎಲ್ಲರೂ ಶರತ್ಕಾಲದಲ್ಲಿ ಅಂದುಕೊಂಡಿದ್ದರು. ಆ ರಾತ್ರಿಯೇ ಗುಂಪಿಗೆ ಬಂದ ಮೊದಲ ಮೆಸೇಜು ರಾಜಕಾರಣಿಯದಲ್ಲ. "ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ವೋಟು, ನಮಗಿಲ್ಲ" ಎಂದು ಯಾರೋ ಫಾರ್ವರ್ಡ್ ಮಾಡಿದ್ದರು. ಇದು ತಪ್ಪು. ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಮೇಲೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೂ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಓದಲು ಬಂದ ವಿದ್ಯಾರ್ಥಿಗೂ ಇದೆ. ಗೊಂದಲಕ್ಕೆ ಕಾರಣವೂ ಇದೆ. ಫ್ರಾನ್ಸ್, ಪೋಲೆಂಡ್ ಥರದ ಯುರೋಪ್ ದೇಶಗಳ ಪ್ರಜೆಗಳಿಗೆ ಈ ಚುನಾವಣೆಯಲ್ಲಿ ಮತವಿಲ್ಲ. ಅವರಿಗೇ ಇಲ್ಲ ಅಂದಮೇಲೆ ನಮಗೆಲ್ಲಿಂದ ಅಂತ ಜನ ತಿಳಿಯುತ್ತಾರೆ. ಹಾಸನದ ಹುಡುಗ ನನಗೇ ಫೋನ್ ಮಾಡಿ, "ಅಕ್ಕಾ, ನಿಜವಾಗಲೂ ನನಗೆ ವೋಟು ಇದೆಯಾ? ಆಮೇಲೆ ವೀಸಾಗೆ ಏನಾದರೂ ತೊಂದರೆ ಆದರೆ?" ಎಂದು ಕೇಳಿದ. ಇಲ್ಲಿಯ ಚುನಾವಣಾ ಆಯೋಗವಾದ ಎಲೆಕ್ಟೋರಲ್ ಕಮಿಷನ್ ಪುಟವನ್ನು ಅವನಿಗೆ ಕಳಿಸಿದೆ. ಅವನು ಓದಿ, ಅದನ್ನೇ ಸರಳವಾಗಿ ಬರೆದು ಗುಂಪಿಗೆ ಹಾಕಿದ. ಅಲ್ಲಿಂದ ಅವನು ನಮ್ಮ ಜೊತೆಯೇ ಉಳಿದ.

ಹೆಸರು ಸೇರಿಸಲು ಕೊನೆಯ ದಿನ ಜೂನ್ 18 ಇತ್ತು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಗುರುತಿನ ನಂಬರ್) ಕೈಯಲ್ಲಿದ್ದರೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಬೇಗ ಮುಗಿಯುತ್ತದೆ. ನಮ್ಮವರಿಗೆ ಕಷ್ಟವಾಗುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಕೊನೆಗೆ ಇರುತ್ತದೆ. ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಇನ್ನೊಂದು ಕಡೆ ಊರಿನ ಹೆಸರು. 2022ರ ಚುನಾವಣಾ ಕಾಯ್ದೆ ಬಂದ ಮೇಲೆ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಸಂಸತ್ತಿನ ಸಾರ್ವತ್ರಿಕ ಚುನಾವಣೆಯಲ್ಲಿ ಈ ನಿಯಮ ಬಂದದ್ದು ಇದೇ ಮೊದಲು. ಹಾಗಾಗಿ ಯಾವ ದಾಖಲೆ ತೋರಿಸುತ್ತೀರೋ ಅದರಲ್ಲಿ ಇರುವ ಹಾಗೆಯೇ ಪಟ್ಟಿಯಲ್ಲೂ ಹೆಸರು ಹಾಕಿಸಿ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಆಗ ವೀಸಾದವರಿಗೆ ಕೊಡುತ್ತಿದ್ದ ವಾಸದ ಪರವಾನಗಿ, ಅಂದರೆ ಬಿಆರ್‌ಪಿ ಕಾರ್ಡೂ ನಡೆಯುತ್ತಿತ್ತು. ಅವಧಿ ಮುಗಿದಿದ್ದರೂ ಫೋಟೋದಲ್ಲಿ ನಿಮ್ಮ ಮುಖ ಗುರುತು ಸಿಕ್ಕರೆ ಸಾಕು. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಹುಡುಗರ ರೈಲ್‌ಕಾರ್ಡ್ ನಡೆಯುವುದಿಲ್ಲ. ಇವನ್ನೆಲ್ಲ ಬರೆದು ಹಾಕಿದ್ದೇ ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಜನಕ್ಕೆ ಉಪಯೋಗವಾದದ್ದು ಅಂತ ಈಗ ಅನ್ನಿಸುತ್ತದೆ. ನೀವು ಶುರು ಮಾಡುವುದಾದರೆ ಇಲ್ಲಿಂದಲೇ ಶುರು ಮಾಡಿ. ಜನ ನಂಬುವುದನ್ನು ಕಲಿಯುತ್ತಾರೆ. ಆಮೇಲೆ ಜಗಳ ಬರುವ ವಿಷಯ ಹೇಳಿದಾಗಲೂ ಕೇಳಿಸಿಕೊಳ್ಳುತ್ತಾರೆ.

ಘೋಷಣೆಯಾದ ಮರುದಿನವೇ, ಮೇ 23ಕ್ಕೆ, ವಲಸೆಯ ಅಂಕಿ ಬಂತು. ಇದು ನಮ್ಮೆಲ್ಲರ ಹೊಟ್ಟೆಯೊಳಗೆ ತಳಮಳ ಎಬ್ಬಿಸಿದ ವಿಷಯ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಪ್ರಕಾರ 2023ರಲ್ಲಿ ಬಂದವರು ಸುಮಾರು 12.18 ಲಕ್ಷ, ಹೋದವರು 5.32 ಲಕ್ಷ, ಉಳಿದ ವ್ಯತ್ಯಾಸ 6.85 ಲಕ್ಷ. ಬಂದವರಲ್ಲಿ ಭಾರತೀಯರೇ ಎಲ್ಲರಿಗಿಂತ ಜಾಸ್ತಿ, ಸುಮಾರು 2.5 ಲಕ್ಷ. ಒಂದು ಪಕ್ಷದವರು ವಲಸೆ 10% ಇಳಿದಿದೆ ಎಂದರು. ಇನ್ನೊಬ್ಬರು ಏರಿದೆ ಎಂದರು. ನಾವು ತಬ್ಬಿಬ್ಬಾದೆವು. ಎರಡೂ ಹೇಗೆ ಸರಿ ಇರಲು ಸಾಧ್ಯ?

ಹಳೆಯ ಪ್ರಕಟಣೆಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಗೊತ್ತಾಯಿತು. 2022ರ ಅಂಕಿಯನ್ನು ಮೊದಲು ಪ್ರಕಟಿಸಿದಾಗ 6.06 ಲಕ್ಷ ಎಂದಿತ್ತು. ಆಮೇಲೆ ಹೊಸ ಮಾಹಿತಿ ಸೇರಿ 7.45 ಲಕ್ಷವಾಯಿತು. 2024ರ ಮೇ ತಿಂಗಳಲ್ಲಿ 7.64 ಲಕ್ಷವಾಯಿತು. ವರ್ಷ ಒಂದೇ, ಅಂಕಿ ಮೂರು. 7.64ಕ್ಕೆ ಹೋಲಿಸಿದರೆ 6.85 ಇಳಿಕೆ. ಹಳೆಯ 6.06ಕ್ಕೆ ಹೋಲಿಸಿದರೆ ಏರಿಕೆ. ಸರಿಯಾದ ಹೋಲಿಕೆ ಮೊದಲನೆಯದು, ಯಾಕೆಂದರೆ ಎರಡೂ ಒಂದೇ ದಿನದ ಪ್ರಕಟಣೆಯಲ್ಲಿವೆ. ಆದರೆ 6.85 ಕೂಡ ಆಗಿನ್ನೂ ತಾತ್ಕಾಲಿಕವಾಗಿತ್ತು. ಅದೂ ಬದಲಾಗಬಹುದಿತ್ತು. ಇದನ್ನು ಬರೆದು ಹಾಕಿದಾಗ ಯಾರಿಗೂ ಖುಷಿಯಾಗಲಿಲ್ಲ. "ಹಾಗಾದರೆ ಯಾರು ಸುಳ್ಳು ಹೇಳಿದ್ದು ಅಂತ ಸರಿಯಾಗಿ ಹೇಳಮ್ಮಾ" ಎಂದು ಮೈಸೂರಿನ ಅಂಕಲ್ ಒಬ್ಬರು ಫೋನ್ ಮಾಡಿದರು. ಅವರು 70ರ ದಶಕದಲ್ಲೇ ಇಲ್ಲಿಗೆ ಬಂದ ಎಂಜಿನಿಯರ್. ನಮ್ಮ ಗುಂಪಿನ ಹಿರಿಯರು.

ಈ ವಿಷಯದಲ್ಲಿ ಇನ್ನೊಂದು ಅಡ್ಡಿ ನಮ್ಮ ಭಾಷೆಯ ಮೆಸೇಜುಗಳಲ್ಲೇ ಇತ್ತು. ಇಲ್ಲಿಯ ಅಂಕಿಗಳು ಮಿಲಿಯನ್, ಬಿಲಿಯನ್‌ನಲ್ಲಿ ಬರುತ್ತವೆ. ಯಾರೋ ಅವಸರದಲ್ಲಿ ಅದನ್ನು ಲಕ್ಷ, ಕೋಟಿಗೆ ಇಳಿಸುತ್ತಾರೆ. 7 ಮಿಲಿಯನ್ ಅಂದರೆ 70 ಲಕ್ಷ, ಅದು 7 ಕೋಟಿ ಆಗಿ ಓಡಾಡುತ್ತದೆ. ಇಡೀ ಬ್ರಿಟನ್ನಿನ ಜನಸಂಖ್ಯೆಯೇ 7 ಕೋಟಿಯ ಆಸುಪಾಸು. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಕನ್ನಡದ ಮೆಸೇಜನ್ನು ಪಕ್ಕಕ್ಕಿಟ್ಟು ಇಂಗ್ಲಿಷಿನಲ್ಲಿ ಆ ವ್ಯಕ್ತಿ ಏನು ಹೇಳಿದರು ಎಂದು ಹುಡುಕುವುದು. ವಿಡಿಯೋ ಸಿಕ್ಕರೆ ಪೂರ್ತಿ ನೋಡಿ. ತುಂಡು ನೋಡಿ ತೀರ್ಪು ಬರೆಯಬೇಡಿ.

ನಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಗೋಳಾಡಿಸಿದ್ದು 2,000 ಪೌಂಡಿನ ತೆರಿಗೆ. ಜೂನ್ 4ರಂದು ಐಟಿವಿ ಚಾನೆಲ್‌ನಲ್ಲಿ ಸುನಕ್ ಮತ್ತು ಸ್ಟಾರ್ಮರ್ ಮುಖಾಮುಖಿ ಚರ್ಚೆ. ಒಂದೊಂದು ಉತ್ತರಕ್ಕೆ 45 ಸೆಕೆಂಡ್. ಲೇಬರ್ ಬಂದರೆ ದುಡಿಯುವ ಪ್ರತಿ ಕುಟುಂಬಕ್ಕೂ 2,000 ಪೌಂಡ್ ತೆರಿಗೆ ಜಾಸ್ತಿಯಾಗುತ್ತದೆ, ಇದನ್ನು ಲೆಕ್ಕ ಹಾಕಿದ್ದು ಖಜಾನೆಯ (ಹಣಕಾಸು ಇಲಾಖೆಯ) ಸ್ವತಂತ್ರ ಅಧಿಕಾರಿಗಳು ಎಂದು ಸುನಕ್ ಮತ್ತೆ ಮತ್ತೆ ಹೇಳಿದರು. ಸ್ಟಾರ್ಮರ್ ಅದನ್ನು ಅಲ್ಲಗಳೆಯಲು ತುಂಬಾ ಹೊತ್ತು ತೆಗೆದುಕೊಂಡರು. ಚರ್ಚೆ ಮುಗಿಯುವ ಮೊದಲೇ ಗುಂಪಿನಲ್ಲಿ ಪ್ರಶ್ನೆಗಳು ಸುರಿಯತೊಡಗಿದವು. ಮಾರ್ಟ್‌ಗೇಜ್ (ಮನೆ ಸಾಲ) ಕಟ್ಟುತ್ತಿರುವ, ಎರಡು ಮಕ್ಕಳ ನರ್ಸರಿ ಫೀಸು ಕಟ್ಟುತ್ತಿರುವ ಮನೆಗಳಿಗೆ 2,000 ಪೌಂಡ್ ಅಂದರೆ ಸಣ್ಣ ಮಾತಲ್ಲ. ಒಬ್ಬರು ವರ್ಷಕ್ಕೆ ಅಂದುಕೊಂಡರು. ಇನ್ನೊಬ್ಬರು ತಿಂಗಳಿಗಾ ಎಂದು ಗಾಬರಿಯಾದರು.

ಆ ರಾತ್ರಿ ನಾವು ಮಲಗಲಿಲ್ಲ ಅಂದರೂ ನಡೆಯುತ್ತದೆ. ಕನ್ಸರ್ವೇಟಿವ್ ಪಕ್ಷ ಮೇ ತಿಂಗಳಲ್ಲೇ ಇದರ ಬಗ್ಗೆ ಒಂದು ದಾಖಲೆ ಹೊರಡಿಸಿತ್ತು. ಅದರಲ್ಲಿ ಲೆಕ್ಕ ಪೂರ್ತಿ ಇದೆ. ಲೇಬರ್ ಮಾಡುತ್ತದೆ ಎಂದು ಇವರು ಹೇಳುವ ಖರ್ಚು 58.9 ಬಿಲಿಯನ್ ಪೌಂಡ್, ಅಂದರೆ 5,890 ಕೋಟಿ. ಲೇಬರ್ ತರುತ್ತೇನೆ ಎಂದ ಆದಾಯ 2,040 ಕೋಟಿ. ಕೊರತೆ 3,850 ಕೋಟಿ. ಅದನ್ನು ಒಬ್ಬರಾದರೂ ದುಡಿಯುವ 1.84 ಕೋಟಿ ಮನೆಗಳಿಗೆ ಭಾಗಿಸಿದ್ದಾರೆ. ನಾನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದೆ. 2,090 ಪೌಂಡಿನ ಹತ್ತಿರ ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಆ 3,850 ಕೋಟಿ ನಾಲ್ಕು ವರ್ಷದ ಒಟ್ಟು ಮೊತ್ತ. ವರ್ಷಕ್ಕೆ ಸುಮಾರು 500 ಪೌಂಡ್ ಆಗುತ್ತದೆ. ಚರ್ಚೆಯಲ್ಲಿ ಆ ನಾಲ್ಕು ವರ್ಷದ ಮಾತು ಬರಲೇ ಇಲ್ಲ.

ಅಧಿಕಾರಿಗಳ ವಿಷಯ ಬೇರೆ. ಮರುದಿನ ಬೆಳಿಗ್ಗೆ ಒಂದು ಪತ್ರ ಹೊರಬಂತು. ಖಜಾನೆಯ ಅತಿ ಹಿರಿಯ ಅಧಿಕಾರಿ ಜೇಮ್ಸ್ ಬೌಲರ್, ಲೇಬರ್‌ನ ಡ್ಯಾರೆನ್ ಜೋನ್ಸ್‌ಗೆ ಜೂನ್ 3ರಂದೇ, ಅಂದರೆ ಚರ್ಚೆಯ ಹಿಂದಿನ ದಿನ, ಬರೆದದ್ದು. ಆ ಒಟ್ಟು ಮೊತ್ತದಲ್ಲಿ ಅಧಿಕಾರಿಗಳು ಕೊಡದ ಲೆಕ್ಕಗಳೂ ಸೇರಿವೆ, ಅವನ್ನು ಅಧಿಕಾರಿಗಳ ಲೆಕ್ಕ ಎಂದು ಹೇಳಬಾರದು ಎಂಬ ಅರ್ಥದಲ್ಲಿ ಇತ್ತು. ಅಧಿಕಾರಿಗಳು ಲೆಕ್ಕ ಮಾಡಿದ ಭಾಗಕ್ಕೂ ಊಹೆಗಳನ್ನು ಕೊಟ್ಟವರು ಮಂತ್ರಿಗಳ ರಾಜಕೀಯ ಸಲಹೆಗಾರರು. ಗುಂಪಿನಲ್ಲಿ ನಾನು ಹೀಗೆ ಬರೆದೆ: ಪಕ್ಕದ ಮನೆಯವರು ಇಷ್ಟು ದೊಡ್ಡ ಮನೆ ಕಟ್ಟುತ್ತಾರೆ ಎಂದು ನಾವೇ ಅಳತೆ ಹೇಳಿ, ಮೇಸ್ತ್ರಿಯ ಹತ್ತಿರ ಅಂದಾಜು ಪಟ್ಟಿ ಬರೆಸಿಕೊಂಡ ಹಾಗೆ ಇದು. ಮೇಸ್ತ್ರಿಯ ಲೆಕ್ಕ ಸರಿಯೇ ಇರಬಹುದು, ಅಳತೆ ಕೊಟ್ಟವರು ನಾವು. ಇದನ್ನು ಓದಿದ ಮೇಲೆ ಜಾಸ್ತಿ ಜನಕ್ಕೆ ಅರ್ಥವಾಯಿತು.

ಜೂನ್ 6ಕ್ಕೆ ಅಂಕಿಅಂಶಗಳ ಮೇಲೆ ಕಣ್ಣಿಡುವ ಸಂಸ್ಥೆಯಾದ ಆಫೀಸ್ ಫಾರ್ ಸ್ಟಾಟಿಸ್ಟಿಕ್ಸ್ ರೆಗ್ಯುಲೇಷನ್ ಕೂಡ ಹೇಳಿಕೆ ಕೊಟ್ಟಿತು. ಪೂರ್ತಿ ದಾಖಲೆ ಓದದ ಕೇಳುಗರಿಗೆ ಇದು ನಾಲ್ಕು ವರ್ಷದ ಮೊತ್ತ ಎಂದು ತಿಳಿಯುವ ದಾರಿಯೇ ಇಲ್ಲ ಎಂಬುದು ಅದರ ಸಾರ. ಈ ಸಂಸ್ಥೆಗೆ ನೀವೂ ನಾವೂ ಯಾರು ಬೇಕಾದರೂ ಬರೆದು ದೂರು ಕೊಡಬಹುದು. ದುಡ್ಡು ಕಟ್ಟಬೇಕಿಲ್ಲ. ಆದರೆ ಅದು ದಂಡ ಹಾಕುವ ಸಂಸ್ಥೆಯಲ್ಲ. ಪತ್ರ ಬರೆಯುತ್ತದೆ, ಬಹಿರಂಗವಾಗಿ ಹೇಳುತ್ತದೆ, ಅಷ್ಟೆ. ಮೈಸೂರಿನ ಅಂಕಲ್ ಇದನ್ನು ಕೇಳಿ, "2016ರ ಬ್ರೆಕ್ಸಿಟ್ ಪ್ರಚಾರದ ಬಸ್ಸಿನ ಮೇಲೆ ಯುರೋಪ್ ಒಕ್ಕೂಟಕ್ಕೆ ವಾರಕ್ಕೆ 350 ಮಿಲಿಯನ್ ಪೌಂಡ್ ಕಳಿಸುತ್ತೇವೆ ಅಂತ ಬರೆದಿದ್ದರಲ್ಲ, ಆಗಲೂ ಇದೇ ಥರ ಪತ್ರ ಬಂತು. ಬಸ್ಸು ನಿಂತಿತಾ?" ಎಂದರು. ನಿಲ್ಲಲಿಲ್ಲ, ನಿಜ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಪತ್ರ ಇರುವುದು ಮುಖ್ಯ ಅಂತ ನಾನು ಈಗಲೂ ನಂಬುತ್ತೇನೆ. ನಮ್ಮಂಥವರು ತೋರಿಸಿ ಮಾತಾಡಲು ಒಂದು ಕಾಗದವಾದರೂ ಬೇಕಲ್ಲ.

ಈ 2,000 ಪೌಂಡಿನ ಬಗ್ಗೆ ಬರೆದ ಮೇಲೆ ನನಗೆ ಲೇಬರ್ ಹಣೆಪಟ್ಟಿ ಬಿತ್ತು. ಪರಿಚಯದವರೇ ಹಾಗೆಂದಾಗ ಬೇಜಾರಾಗುತ್ತದೆ. ಒಂದಿಬ್ಬರು ಗುಂಪು ಬಿಟ್ಟು ಹೋದರು. ಜೂನ್ ಮಧ್ಯದಲ್ಲಿ ಲೇಬರ್ ಕಡೆಯಿಂದ ಅದೇ ಜಾತಿಯ ಮಾತು ಬಂತು. ಕನ್ಸರ್ವೇಟಿವ್ ಗೆದ್ದರೆ ನಿಮ್ಮ ಮಾರ್ಟ್‌ಗೇಜ್ 4,800 ಪೌಂಡ್ ಏರುತ್ತದೆ ಎಂದು. ಇದು ಐದು ವರ್ಷದ ಒಟ್ಟು. ಎದುರು ಪಕ್ಷದ ಭರವಸೆಗಳಿಗೆ ಹಣವೇ ಇಲ್ಲ, ಸಾಲ ಮಾಡುತ್ತಾರೆ, ಸಾಲದಿಂದ ಬಡ್ಡಿ ದರ ಏರುತ್ತದೆ ಎಂಬ ಊಹೆಗಳ ಮೇಲೆ ಕಟ್ಟಿದ ಲೆಕ್ಕ. ಒಂದು ಊಹೆ ಬಿದ್ದರೂ ಲೆಕ್ಕ ಬೀಳುತ್ತದೆ. ನಾವು 2,000 ಪೌಂಡಿಗೆ ಎಷ್ಟು ಉದ್ದ ಬರೆದಿದ್ದೆವೋ ಇದಕ್ಕೂ ಅಷ್ಟೇ ಉದ್ದ, ಅದೇ ಬಿರುಸಿನಲ್ಲಿ ಬರೆದೆವು. ಈಗ ನನ್ನನ್ನು ಕನ್ಸರ್ವೇಟಿವ್ ಅಂದರು. ಮುಂದೆ ಮಾಡುವವರಿಗೆ ಒಂದು ಮಾತು. ನಿಮಗೆ ಇಷ್ಟವಾದ ಪಕ್ಷದ ಮಾತನ್ನು ಮೊದಲ ವಾರದಲ್ಲೇ ಪರಿಶೀಲಿಸಿ ಹಾಕಿ. ತಡ ಮಾಡಿದಷ್ಟೂ ಜನರ ಅನುಮಾನ ಗಟ್ಟಿಯಾಗುತ್ತದೆ.

ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಕಾಯುವ ಪಟ್ಟಿ ಡಾಕ್ಟರ್ ಅವರ ಪಾಲಿಗೆ ಬಂತು. ಜೂನ್ 13ರ ಗುರುವಾರ ಬೆಳಿಗ್ಗೆ 9:30ಕ್ಕೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇಂಗ್ಲೆಂಡ್ ಏಪ್ರಿಲ್ ತಿಂಗಳ ಅಂಕಿ ಹೊರಡಿಸಿತು. ಲೇಬರ್ ಪ್ರಣಾಳಿಕೆ ಬಂದದ್ದೂ ಅದೇ ದಿನ. ಪಟ್ಟಿಯಲ್ಲಿ 75.7 ಲಕ್ಷ. ಸುನಕ್ 2023ರ ಜನವರಿಯಲ್ಲಿ ಐದು ಭರವಸೆ ಕೊಟ್ಟು, ಪಟ್ಟಿ ಇಳಿಸುತ್ತೇನೆ ಎಂದಾಗ ಸುಮಾರು 72 ಲಕ್ಷ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಅತಿ ಹೆಚ್ಚು, ಸುಮಾರು 77.7 ಲಕ್ಷ. ಆದ್ದರಿಂದ ಇಳಿಯುತ್ತಿದೆ ಎಂದು ಸುನಕ್ ಹೇಳಿದ್ದಕ್ಕೂ ಆಧಾರವಿದೆ, ಏರಿದೆ ಎಂದು ಎದುರಾಳಿಗಳು ಹೇಳಿದ್ದಕ್ಕೂ ಇದೆ. ಯಾವ ತಿಂಗಳಿಂದ ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಭರವಸೆ ಕೊಟ್ಟ ದಿನದಿಂದ ಎಣಿಸುವುದೇ ನ್ಯಾಯ ಅಂತ ನಮಗೆ ಅನ್ನಿಸಿತು. ಹಾಗೆಯೇ ಬರೆದೆವು, ಯಾಕೆ ಅಂತಲೂ ಬರೆದೆವು.

ಡಾಕ್ಟರ್ ಇನ್ನೊಂದು ವಿಷಯ ಹಿಡಿದರು. 75 ಲಕ್ಷ ಜನ ಕಾಯುತ್ತಿದ್ದಾರೆ ಎಂದು ಎಷ್ಟೋ ಕಡೆ ಬರೆದಿತ್ತು. ಅದು ಜನರ ಲೆಕ್ಕವಲ್ಲ. ಚಿಕಿತ್ಸೆಗಳ ಲೆಕ್ಕ. ಮೊಣಕಾಲಿಗೂ ಕಣ್ಣಿಗೂ ಕಾಯುತ್ತಿರುವ ಒಬ್ಬರು ಅಲ್ಲಿ ಎರಡು ಸಲ ಬರುತ್ತಾರೆ. ಜನರ ಲೆಕ್ಕ ಸುಮಾರು 63.3 ಲಕ್ಷ. ಅದೂ ಇಂಗ್ಲೆಂಡಿನದು ಮಾತ್ರ. ಆರೋಗ್ಯ ಇಲಾಖೆ ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಅಲ್ಲಲ್ಲಿಯ ಸರ್ಕಾರದ ಕೈಯಲ್ಲಿದೆ, ಎಣಿಸುವ ರೀತಿಯೂ ಬೇರೆ. ವೇಲ್ಸ್‌ನಲ್ಲಿ ಆಗ ಲೇಬರ್ ಆಡಳಿತ ಇದ್ದದ್ದರಿಂದ ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸುವುದು ಚುನಾವಣೆಯ ಉದ್ದಕ್ಕೂ ನಡೆಯಿತು. ಅಂಕಿ ಕಂಡ ಕೂಡಲೇ ಇದು ಇಡೀ ಬ್ರಿಟನ್ನಿನದಾ, ಬರೀ ಇಂಗ್ಲೆಂಡಿನದಾ ಎಂದು ಕೇಳಿ. ಎಕ್ಸೆಲ್ ಫೈಲುಗಳು ದೊಡ್ಡವು, ಫೋನಿನಲ್ಲಿ ತೆರೆಯಲು ಹೋಗಬೇಡಿ, ಲ್ಯಾಪ್‌ಟಾಪ್ ಬೇಕು. ಮೊದಲ ಹಾಳೆಯಲ್ಲಿರುವ ಟಿಪ್ಪಣಿಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಎಲ್ಲ ಎಚ್ಚರಿಕೆಗಳೂ ಅಲ್ಲೇ ಇರುತ್ತವೆ.

ಬೆಲೆ ಏರಿಕೆ ದರ 2%ಗೆ ಇಳಿದಿದೆ ಎಂಬ ಸುದ್ದಿ ಜೂನ್ 19ಕ್ಕೆ ಬಂತು. 2022ರ ಅಕ್ಟೋಬರ್‌ನಲ್ಲಿ 11.1% ಇತ್ತು. ಇದು ನಿಜ. ಆದರೆ ಗುಂಪಿನಲ್ಲಿ ಹೆಂಗಸರು ಕೇಳಿದ್ದು, "ಸೋನಾ ಮಸೂರಿ ಮೂಟೆ ಎಲ್ಲಿ ಇಳಿದಿದೆ?" ಇಳಿದದ್ದು ಏರುವ ವೇಗ, ಬೆಲೆಯಲ್ಲ. ಇದಕ್ಕೆ ಎರಡೇ ಸಾಲು ಸಾಕಾಯಿತು.

ನಮ್ಮ ಕ್ಷೇತ್ರದ ಕರಪತ್ರಗಳ ಕಥೆ ಹಾಗಲ್ಲ. ಟಿವಿಯಲ್ಲಿ ಹೇಳಿದ್ದನ್ನು ಪರಿಶೀಲಿಸಲು ಫುಲ್ ಫ್ಯಾಕ್ಟ್, ಬಿಬಿಸಿ ವೆರಿಫೈ, ಚಾನೆಲ್ 4ರ ಫ್ಯಾಕ್ಟ್‌ಚೆಕ್ ಇದ್ದಾರೆ. ನಾವು ಹುಡುಕಿದ್ದನ್ನು ಅವರ ಬರಹದ ಜೊತೆ ತಾಳೆ ನೋಡುತ್ತಿದ್ದೆವು. ಮನೆ ಬಾಗಿಲಿನ ಕಿಂಡಿಯಿಂದ ಒಳಗೆ ಬೀಳುವ ಕಾಗದವನ್ನು ನೋಡುವವರು ಯಾರೂ ಇಲ್ಲ. ಹಾಗಾಗಿ ನಿಮ್ಮಂಥವರು ನಿಜವಾಗಿ ಬೇಕಾಗುವುದು ಇಲ್ಲೇ. ಒಂದು ಪಕ್ಷದ ಕರಪತ್ರದಲ್ಲಿ ಯಾರಿಗೆ ಎಷ್ಟು ಮತ ಎಂದು ತೋರಿಸುವ ಉದ್ದುದ್ದ ಕಂಬಗಳ ಚಿತ್ರ (ಬಾರ್ ಚಾರ್ಟ್) ಇತ್ತು. ಇಲ್ಲಿ ಗೆಲ್ಲಬಲ್ಲವರು ನಾವು ಮಾತ್ರ, ಬೇರೆಯವರಿಗೆ ಹಾಕಿದರೆ ವೋಟು ದಂಡ ಅಂತ ಅದರ ಅರ್ಥ. ಸ್ಕೇಲ್ ಇಟ್ಟು ಅಳೆದೆವು. ಕಂಬದ ಎತ್ತರಕ್ಕೂ ಅದರ ಮೇಲಿನ ಅಂಕಿಗೂ ತಾಳೆಯಾಗಲಿಲ್ಲ. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಇದು ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯ ಮತ ಎಂದು.

ಇಲ್ಲಿ ಒಂದು ತಾಂತ್ರಿಕ ತೊಡಕು ಇದೆ. 2024ರಲ್ಲಿ ಕ್ಷೇತ್ರಗಳ ಗಡಿಯೇ ಬದಲಾಯಿತು. ನಮ್ಮ ಕಡೆಯೂ ಹೊಸ ಹೆಸರು, ಹೊಸ ಗಡಿ. ಹಾಗಾಗಿ ಕಳೆದ ಸಲದ ಫಲಿತಾಂಶ ಅಂತ ನೇರವಾಗಿ ತೋರಿಸಲು ಏನೂ ಇಲ್ಲ. 2019ರ ಮತಗಳನ್ನು ಹೊಸ ಗಡಿಗೆ ಹೊಂದಿಸಿ ತಜ್ಞರು ಅಂದಾಜು ಮಾಡಿದ್ದಾರೆ, ಅದನ್ನೇ ಟಿವಿಯವರೂ ಬಳಸಿದರು. ಒಂದು ಪಕ್ಷ ಆ ಅಂದಾಜು ಹಾಕಿತು, ಇನ್ನೊಂದು ಹಳೆಯ ಕ್ಷೇತ್ರದ ಮತ ಹಾಕಿತು, ಮತ್ತೊಂದು ಕೌನ್ಸಿಲ್ ಮತ ಹಾಕಿತು. ಮೂರೂ ನಮ್ಮ ಊಟದ ಮೇಜಿನ ಮೇಲೆ ಪಕ್ಕ ಪಕ್ಕ ಬಿದ್ದಿದ್ದವು. ಕಂಬದ ಚಿತ್ರ ಹಾಕಿದ ಅಭ್ಯರ್ಥಿಯ ಕಚೇರಿಗೆ ಇಮೇಲ್ ಮಾಡಿದೆ. ಮತ್ತೆ ನೆನಪಿಸಿದೆ. ಮತದಾನದವರೆಗೂ ಉತ್ತರ ಬರಲಿಲ್ಲ. ಅದೇ ಚಿತ್ರವಿದ್ದ ಎರಡನೇ ಕರಪತ್ರ ಮಾತ್ರ ಬಂತು. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ದೂರು ಕೊಡೋಣ ಎಂದು ಹೊರಟರೆ ಅಲ್ಲೂ ಗೋಡೆ. ಜಾಹೀರಾತು ನೋಡಿಕೊಳ್ಳುವ ಸಂಸ್ಥೆಗೆ ಬ್ರಿಟನ್ನಿನಲ್ಲಿ ಚುನಾವಣಾ ಪ್ರಚಾರದ ಮೇಲೆ ಅಧಿಕಾರವಿಲ್ಲ. ಸಾಬೂನಿನ ಜಾಹೀರಾತಿನಲ್ಲಿ ಸುಳ್ಳು ಹೇಳಿದರೆ ಕೇಳುವವರಿದ್ದಾರೆ, ಚುನಾವಣಾ ಕರಪತ್ರಕ್ಕೆ ಇಲ್ಲ. 1983ರ ಪ್ರಜಾಪ್ರತಿನಿಧಿ ಕಾಯ್ದೆಯ 106ನೇ ಸೆಕ್ಷನ್ ಇದೆ. ಅದು ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳಿದರೆ ಮಾತ್ರ. 2010ರಲ್ಲಿ ಫಿಲ್ ವೂಲಸ್ ಎಂಬ ಸಂಸದರು ಇದೇ ಸೆಕ್ಷನ್‌ನಲ್ಲಿ ಸೀಟು ಕಳೆದುಕೊಂಡರು. ತೆರಿಗೆ, ಆಸ್ಪತ್ರೆ, ಕಂಬದ ಚಿತ್ರ ಇದರೊಳಗೆ ಬರುವುದಿಲ್ಲ. ಇದನ್ನು ಮೊದಲೇ ತಿಳಿದಿರಿ. ಇಲ್ಲದಿದ್ದರೆ ಸುಮ್ನೆ ಅಲೆದು ಸುಸ್ತಾಗುತ್ತೀರಿ. ಒಂದು ಮಾತ್ರ ನೋಡಬಹುದು. ಕರಪತ್ರದಲ್ಲಿ ಮುದ್ರಿಸಿದವರ ಮತ್ತು ಹೊರಡಿಸಿದವರ ಹೆಸರು ವಿಳಾಸ ಇರಲೇಬೇಕು. 2023ರ ನವೆಂಬರ್‌ನಿಂದ ಆನ್‌ಲೈನ್ ಪ್ರಚಾರಕ್ಕೂ ಇಂಥ ನಿಯಮ ಇದೆ. ಅದು ಇಲ್ಲದಿದ್ದರೆ ದೂರು ಕೊಡಲು ದಾರಿಯಿದೆ.

ಹೆಸರು ನೋಡಿ ಮೋಸ ಹೋಗಬೇಡಿ. 2019ರ ಚುನಾವಣೆಯಲ್ಲಿ ಟಿವಿ ಚರ್ಚೆ ನಡೆಯುವಾಗ ಕನ್ಸರ್ವೇಟಿವ್ ಪಕ್ಷದ ಪತ್ರಿಕಾ ವಿಭಾಗವೇ ತನ್ನ ಟ್ವಿಟ್ಟರ್ ಖಾತೆಯ ಹೆಸರನ್ನು ಫ್ಯಾಕ್ಟ್‌ಚೆಕ್‌ಯುಕೆ ಎಂದು ಬದಲಿಸಿತ್ತು. ಈ ಸಲ ಧ್ವನಿಯನ್ನೇ ತಿರುಚಿದ ವಿಡಿಯೋಗಳು ಬಂದವು. ಲೇಬರ್‌ನ ವೆಸ್ ಸ್ಟ್ರೀಟಿಂಗ್ ತಮ್ಮದೇ ಪಕ್ಷದ ಡಯಾನ್ ಅಬಟ್ ಅವರನ್ನು ಬೈದ ಹಾಗೆ ಮಾಡಿದ್ದು ಒಂದು. ಹಾಸನದ ಹುಡುಗ ಮೂಲ ಟಿವಿ ಕಾರ್ಯಕ್ರಮ ಹುಡುಕಿ, ಎರಡನ್ನೂ ಹೋಲಿಸಿ ತೋರಿಸಿದ.

ಸರ್ಕಾರಿ ಕಚೇರಿಗಳಿಂದ ಉತ್ತರ ನಿರೀಕ್ಷಿಸಬೇಡಿ. ಮೇ 25ರಿಂದ ಚುನಾವಣೆಯ ಮೌನದ ನಿಯಮ ಶುರುವಾಯಿತು. ಇಲಾಖೆಗಳು ರಾಜಕೀಯ ಬಣ್ಣ ಬರುವ ಯಾವ ಪ್ರಶ್ನೆಯನ್ನೂ ಮುಟ್ಟುವುದಿಲ್ಲ. ಮೊದಲೇ ದಿನಾಂಕ ಗೊತ್ತು ಮಾಡಿದ ಅಂಕಿಅಂಶಗಳು ಮಾತ್ರ ತಪ್ಪದೆ ಬರುತ್ತವೆ. ಆ ದಿನಗಳ ಪಟ್ಟಿಯನ್ನು ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಇಲ್ಲ, ಆದರೆ 20 ಕೆಲಸದ ದಿನ ಸಮಯವಿದೆ. ಜೂನ್ 6ರ ನಂತರ ಹಾಕಿದ ಅರ್ಜಿಗೆ ಅವರು ಪೂರ್ತಿ ಗಡುವು ಬಳಸಿದರೆ ಮತದಾನ ಮುಗಿದಿರುತ್ತದೆ. ನನ್ನ ಅರ್ಜಿಯೂ ತಡವಾಗಿ ಹೋಯಿತು. ಮತದಾನ ಮುಗಿದರೂ ಉತ್ತರ ಬಂದಿರಲಿಲ್ಲ.

ಖರ್ಚಿನ ವಿಷಯ ಕೇಳುವವರಿಗೆ: ಅಧಿಕೃತ ಅಂಕಿಗಳೆಲ್ಲ ಉಚಿತ. ಪ್ರಣಾಳಿಕೆಗಳೂ ಉಚಿತ. ಚಂದಾ ಕೇಳುವ ಪತ್ರಿಕೆಗಳನ್ನು ಲೈಬ್ರರಿ ಕಾರ್ಡಿನಲ್ಲಿ ಓದಿದೆವು. ಪ್ರಿಂಟ್‌ಗೂ ಲೈಬ್ರರಿಗೇ ಹೋದೆವು, ಅದಕ್ಕೆ ಸ್ವಲ್ಪ ಚಿಲ್ಲರೆ. ನಿಜವಾಗಿ ಖರ್ಚಾಗುವುದು ಸಂಜೆಗಳು. ಮಕ್ಕಳು ಮಲಗಿದ ಮೇಲೆ ಕೂತರೆ ಮಧ್ಯರಾತ್ರಿ. ಎಲ್ಲವನ್ನೂ ಪರಿಶೀಲಿಸಲು ಹೋಗಬೇಡಿ. ಜನ ದುಡ್ಡಿನ, ಆಸ್ಪತ್ರೆಯ, ವೀಸಾದ ನಿರ್ಧಾರವನ್ನು ಯಾವ ಮಾತಿನ ಮೇಲೆ ಮಾಡುತ್ತಾರೋ ಅದನ್ನು ಹಿಡಿಯಿರಿ.

ಬರೆಯುವ ರೀತಿಯೂ ನಿಧಾನಕ್ಕೆ ಕೈಗೆ ಬಂತು. ಸುಳ್ಳು ಮಾತನ್ನೇ ಮೊದಲ ಸಾಲಿನಲ್ಲಿ ಹಾಕಿದರೆ ಅದೇ ನೆನಪಿನಲ್ಲಿ ಉಳಿಯುತ್ತದೆ. ನಿಜವನ್ನು ಮೊದಲು ಹೇಳಿ. ಎಷ್ಟು ವರ್ಷದ್ದು, ಎಷ್ಟು ಮನೆಗಳದ್ದು, ಯಾವ ನಾಡಿನದ್ದು ಎಂದು ಬಿಡಿಸಿ. ಹಿರಿಯರಿಗೆ ಧ್ವನಿ ಮೆಸೇಜು ಕಳಿಸಿ, ಓದುವುದಕ್ಕಿಂತ ಕೇಳುವುದು ಅವರಿಗೆ ಸುಲಭ. ಯಾರು ಫಾರ್ವರ್ಡ್ ಮಾಡಿದರು ಎಂದು ಗುಂಪಿನಲ್ಲಿ ಹೆಸರು ಎತ್ತಲೇಬೇಡಿ.

ಕೊನೆಯ ವಾರದಲ್ಲಿ ಅಂಕಲ್ ಒಂದು ಫಾರ್ವರ್ಡ್ ಅನ್ನು ಗುಂಪಿಗೆ ಹಾಕದೆ ನನಗೊಬ್ಬಳಿಗೇ ಕಳಿಸಿ, "ಇದು ಒಂದು ವರ್ಷದ್ದಾ, ಐದು ವರ್ಷದ್ದಾ ನೋಡಮ್ಮಾ" ಎಂದರು. ಆ ದಿನ ನನಗೆ ತುಂಬಾ ಸಂತೋಷವಾಯಿತು.

ಚುನಾವಣೆ ಮುಗಿದ ಮೇಲೂ ಕೆಲಸ ಇತ್ತು. 2024ರ ಜುಲೈ 11ರ ಗುರುವಾರ ಬೆಳಿಗ್ಗೆ ಆಸ್ಪತ್ರೆ ಪಟ್ಟಿಯ ಹೊಸ ಅಂಕಿ ಬರುವುದಿತ್ತು. ಏರಿದ್ದರೆ ಹೊಸ ಸರ್ಕಾರ ಬಂದ ಕೂಡಲೇ ಏರಿತು ಎನ್ನುವವರು ಇರುತ್ತಾರೆ, ಇಳಿದಿದ್ದರೆ ಹೊಸ ಸರ್ಕಾರವೇ ಇಳಿಸಿತು ಎನ್ನುವವರು ಇರುತ್ತಾರೆ. ಅದು ಮೇ ತಿಂಗಳ ಅಂಕಿ. ಆಗ ಅಧಿಕಾರದಲ್ಲಿದ್ದದ್ದು ಹಳೆಯ ಸರ್ಕಾರ. ವಾರಕ್ಕೆ 40,000 ಹೆಚ್ಚುವರಿ ಅಪಾಯಿಂಟ್‌ಮೆಂಟ್, 6,500 ಹೊಸ ಶಿಕ್ಷಕರು, 15 ಲಕ್ಷ ಮನೆ ಎಂದು ಲೇಬರ್ ಭರವಸೆ ಕೊಟ್ಟಿತ್ತು. ಆಗ ಎಲ್ಲಿಂದ ಶುರುವಾಯಿತು ಎಂಬ ಅಂಕಿಯನ್ನು ನಾವು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ನಿಮ್ಮ ಊರಿನಲ್ಲಿ ಯಾರಾದರೂ ಸೇರುವುದಾದರೆ ಈ ಹಾಳೆಯಿಂದಲೇ ಶುರು ಮಾಡಬಹುದು.